ಕಿಡಿ ಎಲ್ಲಿ ಸತ್ತಿದೆ? ಕನ್ನಡದಲ್ಲಿ ಹೇಳಿ ಸ್ವಾಮಿ!

ಕನ್ನಡದ ಯುವಕರೇ,

ಶನಿವಾರ ಬಂತೆಂದರೆ ಬೆಂಗಳೂರಿನಿಂದ ಬೈಕು ಹತ್ತಿ ಸಕಲೇಶಪುರಕ್ಕೆ ಬರುತ್ತೀರಿ. ಬನ್ನಿ, ಬೇಡ ಎನ್ನುವವರು ಯಾರು? ಆದರೆ ನಮ್ಮ ಆನೇಮಹಲ್ ಸುತ್ತಿನ ಯಾವುದಾದರೂ ಸಣ್ಣ ಕಾಫಿ ತೋಟದ ಕೊಟ್ಟಿಗೆಗೂ ಒಮ್ಮೆ ಇಣುಕಿ ನೋಡಿ. ಹಳೇ ಪೆಟ್ರೋಲ್ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಪವರ್ ಸ್ಪ್ರೇಯರು, ಕಳೆ ಕೊಚ್ಚುವ ಯಂತ್ರ. ‘ಸ್ಟಾರ್ಟ್ ಆಗ್ತಿಲ್ಲ’ ಎಂಬ ಒಂದೇ ಆರೋಪದ ಮೇಲೆ ಮೂಲೆಯಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿವೆ!

ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ರೊಬಸ್ಟಾಕ್ಕೆ ನೀರು ಹಾಯಿಸಲೇಬೇಕು. ಆಗ ಇಂಜಿನ್ ಮುಷ್ಕರ ಹೂಡಿದರೆ ಆ ವರ್ಷದ ಫಸಲಿಗೇ ಪೆಟ್ಟು. ರೈತ ಕಂಪನಿಯ ಪುಸ್ತಕ ತೆಗೆಯುತ್ತಾನೆ. ಒಂದು ಕಡೆ ಇಂಗ್ಲಿಷು, ಇನ್ನೊಂದು ಕಡೆ ಹಿಂದಿ. ದುಡ್ಡು ಕೊಟ್ಟವನ ಭಾಷೆ ಎಲ್ಲಿ?

ಆ ಪುಸ್ತಕದಲ್ಲಿರುವುದು ಬ್ರಹ್ಮವಿದ್ಯೆಯೇನಲ್ಲ. ಕನ್ನಡದಲ್ಲೇ ಹೇಳುತ್ತೇನೆ, ಕೇಳಿ.

ಮೊದಲು ಪೆಟ್ರೋಲ್. ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ಕೂತ ಹಳೇ ಪೆಟ್ರೋಲ್ ಚೆಲ್ಲಿ. ಈಗಿನ ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಾರೆ, ಅದು ತೇವ ಹೀರುತ್ತದೆ. ಕಾರ್ಬೊರೇಟರಿನ ಜೆಟ್ಟು ಕಟ್ಟಿದೆಯೇ, ಟ್ಯಾಂಕಿನ ಮುಚ್ಚಳದ ಗಾಳಿ ತೂತು ಮುಚ್ಚಿದೆಯೇ ನೋಡಿ.

ಆಮೇಲೆ ಪ್ಲಗ್ಗು ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಹೊತ್ತಿಸುವವನು ಬಂದಿಲ್ಲ. ಚೆಲ್ಲಿದ ಪೆಟ್ರೋಲ್ ಚೆನ್ನಾಗಿ ಒರೆಸಿ, ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಪ್ಲಗ್ಗಿನ ತೂತಿನಿಂದ ದೂರಕ್ಕೆ ಇಂಜಿನ್‌ಗೆ ಒತ್ತಿ ಹಿಡಿದು ಹಗ್ಗ ಎಳೆಯಿರಿ. ನೀಲಿ ಕಿಡಿ ಚಟ್ ಎಂದು ಹಾರಿದರೆ ಸರಿ. ಕೆಂಪಗೆ ಮಿಣುಕಿದರೆ ಅಥವಾ ಏನೂ ಕಾಣದಿದ್ದರೆ ರೋಗ ಅಲ್ಲೇ ಇದೆ.

ಹೊಸ ಪ್ಲಗ್ಗಿಗೂ ಕಿಡಿ ಇಲ್ಲವೇ? ಇಂಜಿನ್ ನಿಲ್ಲಿಸುವ ಸ್ವಿಚ್ಚಿನ ವೈರು ಬಿಚ್ಚಿ ನೋಡಿ. ಕಿಡಿ ಬಂದರೆ ಕಳ್ಳ ಆ ಸ್ವಿಚ್ಚೇ! ಬರದಿದ್ದರೆ ಪ್ಲಗ್ಗಿನ ವೈರು, ಕ್ಯಾಪು ನೋಡಿ. ನಂತರ ಫ್ಲೈವೀಲಿನ ಕೆಳಗಿನ ಪಾಯಿಂಟು. ನಮ್ಮ ಮಲೆನಾಡಿನ ತೇವಕ್ಕೆ ಅದರ ಮೇಲೆ ಬೂದು ಪೊರೆ ಕಟ್ಟುತ್ತದೆ. ಉಜ್ಜಿ ಒರೆಸಿ, ಸಂದು ಸರಿಮಾಡಿ. ಹಳೇ ಸಣ್ಣ ಇಂಜಿನ್‌ಗಳಲ್ಲಿ ಇದು ಸಾಮಾನ್ಯವಾಗಿ 0.35ರಿಂದ 0.4 ಮಿಲಿಮೀಟರು. ಪಾಯಿಂಟು ಪದೇ ಪದೇ ಸುಟ್ಟರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಸಿಡಿಐ ಇರುವ ಇಂಜಿನ್‌ನಲ್ಲಿ ಪಾಯಿಂಟೇ ಇರುವುದಿಲ್ಲ, ಹುಡುಕಬೇಡಿ. ಪೆಟ್ರೋಲೂ ಇದೆ, ಕಿಡಿಯೂ ಇದೆ, ಹಗ್ಗ ಮಾತ್ರ ಕೈಯನ್ನು ಹಿಂದಕ್ಕೆ ಜಗ್ಗುತ್ತಿದೆಯೇ? ಫ್ಲೈವೀಲಿನ ಕೀ ಮುರಿದು ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿರಬಹುದು.

ಘಟ್ಟ ಇಳಿದು ಮಲ್ಪೆ, ಗಂಗೊಳ್ಳಿಗೆ ಹೋಗಿ. ನಾಡದೋಣಿಯ ಹಳೇ ಔಟ್‌ಬೋರ್ಡ್ ಮೋಟಾರಿಗೂ ಇದೇ ರೋಗ. ಇಲ್ಲಿ ತೇವ ಮಾತ್ರ, ಅಲ್ಲಿ ತೇವದ ಜೊತೆ ಉಪ್ಪು. ತೋಟದಲ್ಲಿ ಇಂಜಿನ್ ಸತ್ತರೆ ಫಸಲು ಹೋಗುತ್ತದೆ, ನಡುಗಡಲಲ್ಲಿ ಸತ್ತರೆ ಪ್ರಾಣಕ್ಕೇ ಸಂಚಕಾರ! ಆ ಮೀನುಗಾರನಿಗೂ ಕನ್ನಡದ ಒಂದು ಪುಟ ಬೇಡವೇ?

‘ಕನ್ನಡದಲ್ಲಿ ತಾಂತ್ರಿಕ ಪದಗಳಿಲ್ಲ’ ಎಂಬ ಹಳೇ ರಾಗ ಹಾಡುವವರಿದ್ದಾರೆ. ಮೇಲೆ ಬರೆದಿದ್ದರಲ್ಲಿ ಯಾವ ಮಾತು ನಿಮಗೆ ತಿಳಿಯಲಿಲ್ಲ? ಪ್ಲಗ್ಗನ್ನು ‘ಸ್ಫುಲಿಂಗಜನಕ’ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಗ್ಯಾರೇಜಿನ ಹುಡುಗ ಆಡುವ ಕನ್ನಡವನ್ನೇ ಅಚ್ಚು ಮಾಡಿ, ಸಾಕು. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಇನ್ನೂ ಓಡುತ್ತಿವೆ. ಓಡಿಸುತ್ತಿರುವುದು ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿರುವ ಕನ್ನಡ!

‘ಖರ್ಚು ಜಾಸ್ತಿ’ ಎನ್ನುತ್ತಾರೆ. ನಾನು ಪ್ರೆಸ್ಸಿನವನು, ನನ್ನ ಹತ್ತಿರ ಈ ಲೆಕ್ಕ ಬೇಡ. 16 ಪುಟದ ಪುಸ್ತಿಕೆ ಎಂದರೆ ಒಂದೇ ಫಾರಂ. ಸಾವಿರಾರು ರೂಪಾಯಿಯ ಯಂತ್ರ ಮಾರುವವರಿಗೆ ಅದೊಂದು ಭಾರವೇ?

ಕಾನೂನು? ಪೊಟ್ಟಣದ ಮೇಲಿನ ಕಡ್ಡಾಯ ವಿವರ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿರಬೇಕು ಎನ್ನುತ್ತದೆ ದಿಲ್ಲಿಯ 2011ರ ನಿಯಮ. ಜೊತೆಗೆ ಬೇರೆ ಭಾಷೆ ಹಾಕಲು ಅಡ್ಡಿಯಿಲ್ಲ ಎಂದೂ ಅದೇ ನಿಯಮ ಹೇಳುತ್ತದೆ. ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಎನ್ನುತ್ತದೆ ನಮ್ಮ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ. ಹೊರಗಿನಿಂದ ಬಂದು ಇಲ್ಲಿ ಮಾರಾಟವಾಗುವ ಇಂಜಿನ್‌ಗೂ ಇದೇ ಮಾತು ಏಕೆ ಬೇಡ?

ಯುವಕರೇ, ಬೋರ್ಡಿನಲ್ಲಿ ಕನ್ನಡ ಕೇಳಿದಿರಿ, ಒಳ್ಳೆಯದೇ. ಈಗ ಡಬ್ಬಿಯ ಒಳಗೂ ಕೇಳಿ. ಯಂತ್ರ ಕೊಳ್ಳುವಾಗ ಬಿಲ್ಲಿಗೆ ಮುಂಚೆ ‘ಕನ್ನಡ ಪುಸ್ತಕ ಎಲ್ಲಿ?’ ಎನ್ನಿ. ಐಟಿಐ, ಇಂಜಿನಿಯರಿಂಗ್ ಓದಿದವರು ಊರಿಗೆ ಹೋದಾಗ ಅಪ್ಪನ ಹಳೇ ಇಂಜಿನ್ ಬಿಚ್ಚಿ, ಕಂಡದ್ದನ್ನು ಕನ್ನಡದಲ್ಲಿ ಬರೆದಿಡಿ. ಅಚ್ಚು ಹಾಕಲು ನಮ್ಮಂಥವರು ಊರೂರಲ್ಲಿದ್ದೇವೆ.

ಹಗ್ಗ ಎಳೆದದ್ದು ಸಾಕು. ಕಿಡಿ ಹೊತ್ತಿಸಿ!