ಹೋಳಿಗೆ ಬೇಡ ಅಂದ ಹುಡುಗಿ

ಈ ಕಡೆ ತಲೆ ಹಾಕಿ ಬಹಳ ದಿನ ಆಗಿತ್ತು. ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಕುಟ್ಟುತ್ತಿದ್ದೇನೆ.

ಹೋದ ಭಾನುವಾರ ಒಂದು ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕ ಅಕ್ಕನ ಮಗಳು. ಹತ್ತು ವರ್ಷ, ಸ್ವಲ್ಪ ದುಂಡಗಿದ್ದಾಳೆ. ಎದುರು ಸಾಲಿನಿಂದ ದೊಡ್ಡಮ್ಮ ಕೂಗಿದರು, "ಏನೇ ಪುಟ್ಟಿ, ಮನೇಲಿರೋ ಅಕ್ಕಿನೆಲ್ಲಾ ನೀನೊಬ್ಳೇ ಖಾಲಿ ಮಾಡ್ತೀಯೇನೇ?" ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ, ಅದೇ ಈಗ ಚುಚ್ಚುತ್ತಿರೋದು. ಹೋಳಿಗೆ ಬಂದಾಗ ಹುಡುಗಿ ಎಲೆಗೆ ಕೈ ಅಡ್ಡ ಹಿಡಿದಳು. ಅದೇ ದೊಡ್ಡಮ್ಮ ಸಣಕಲು ಮೊಮ್ಮಗನ ಎಲೆಗೆ ಎರಡನೇ ಸಲ ತುಪ್ಪ ಹಾಕಿಸುತ್ತಿದ್ದರು!

ನಮ್ಮ ಲೆಕ್ಕ ಸರಳ. ದಪ್ಪ ಮಗು ಅಂದ್ರೆ ಹೊಟ್ಟೆಬಾಕ, ಬಾಯಿ ಕಟ್ಟಿದರೆ ಸರಿಹೋಗುತ್ತೆ. ಈ ಲೆಕ್ಕ ತಪ್ಪು ಸ್ವಾಮಿ.

ಕೊಬ್ಬು ಸುಮ್ಮನೆ ಬಿದ್ದಿರೋ ಮೂಟೆ ಅಲ್ಲ. ಅದು ಲೆಪ್ಟಿನ್ ಅನ್ನೋ ಹಾರ್ಮೋನು ಸುರಿಸುತ್ತೆ. "ದಾಸ್ತಾನು ಸಾಕಷ್ಟಿದೆ" ಅಂತ ಮಿದುಳಿಗೆ ಹೇಳೋದು ಅದೇ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಇದರ ಜೀನ್ ಕಂಡುಹಿಡಿಯಿತು. 1997ರಲ್ಲಿ ಕೇಂಬ್ರಿಜ್‌ನಲ್ಲಿ ಸದಾಫ್ ಫಾರೂಖಿ, ಸ್ಟೀಫನ್ ಒ'ರಾಹಿಲಿ ತಂಡಕ್ಕೆ ಪಾಕಿಸ್ತಾನಿ ಮೂಲದ ಕುಟುಂಬದ ಇಬ್ಬರು ಮಕ್ಕಳು ಸಿಕ್ಕರು. ಎಂಟು ವರ್ಷದ ಹುಡುಗಿ 86 ಕಿಲೋ, ಎರಡು ವರ್ಷದ ಹುಡುಗ 29 ಕಿಲೋ. ಎಷ್ಟು ತಿಂದರೂ ಹಸಿವು. ಕಾರಣ, ದೇಹದಲ್ಲಿ ಲೆಪ್ಟಿನ್ನೇ ತಯಾರಾಗುತ್ತಿರಲಿಲ್ಲ. ಆ ಹುಡುಗಿಗೆ ದಿನಾ ಲೆಪ್ಟಿನ್ ಇಂಜೆಕ್ಷನ್ ಕೊಟ್ಟರು, ಒಂದು ವರ್ಷದಲ್ಲಿ 16 ಕಿಲೋ ಇಳಿಯಿತು. ಅಷ್ಟು ವರ್ಷ ಅವಳನ್ನ ಯಾರಾದರೂ ಬೈದಿದ್ದರೆ ಏನು ಪ್ರಯೋಜನ ಆಗ್ತಿತ್ತು, ನೀವೇ ಹೇಳಿ?

"ಹಾಗಾದ್ರೆ ಎಲ್ಲಾ ದಪ್ಪ ಮಕ್ಕಳಿಗೂ ಇಂಜೆಕ್ಷನ್ ಚುಚ್ಚಿಸೋಣ್ವಾ?" ಅಂತ ಕೇಳಬೇಡಿ. ಆ ಕೊರತೆ ತೀರಾ ಅಪರೂಪ. ಮಿಕ್ಕ ದಪ್ಪ ಮಕ್ಕಳಲ್ಲಿ ಲೆಪ್ಟಿನ್ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತೆ, ಮಿದುಳು ಅದರ ಮಾತು ಕೇಳಲ್ಲ ಅಷ್ಟೇ. ಉಪವಾಸ ಕೆಡವಿ ತೂಕ ಇಳಿಸಿದರೆ ಲೆಪ್ಟಿನ್ನೂ ಇಳಿಯುತ್ತೆ, ಹಸಿವು ಕೆರಳುತ್ತೆ. ಆಮೇಲೆ ಮಗು ಕದ್ದು ತಿಂದರೆ ಕಳ್ಳಿ ಅಂತ ಬೇರೆ ಬಿರುದು! ಇನ್ನು ಹತ್ತು-ಹನ್ನೊಂದರ ಹೆಣ್ಣುಮಕ್ಕಳ ಮೈಯಲ್ಲಿ ಕೊಬ್ಬು ಸೇರೋದು ಪ್ರಾಯದ ತಯಾರಿ. ದೇಹ ಸಿದ್ಧ ಅಂತ ಮಿದುಳಿಗೆ ಸೂಚಿಸೋದರಲ್ಲಿ ಲೆಪ್ಟಿನ್ ಪಾಲೂ ಇದೆ.

ಇನ್ನು ಆ ಸಣಕಲು ಮೊಮ್ಮಗ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳನ್ನ ವರ್ಷಗಟ್ಟಲೆ ಅಳೆದು ನೋಡಿದ್ದಾರೆ. ಹುಟ್ಟಿದಾಗ ಬ್ರಿಟನ್ನಿನ ಮಕ್ಕಳಿಗಿಂತ ತೂಕ ಕಮ್ಮಿ. ಆದರೆ ನಾಲ್ಕು ವರ್ಷಕ್ಕೆ ಬೆನ್ನಿನ ಚರ್ಮದಡಿಯ ಕೊಬ್ಬು ಅವರಿಗಿಂತ ಜಾಸ್ತಿ! ಸಣ್ಣಗೆ ಕಂಡ ಮಾತ್ರಕ್ಕೆ ತುಪ್ಪ ಸುರಿಯಬೇಕಿಲ್ಲ ದೊಡ್ಡಮ್ಮ.

ಹಾರ್ಮೋನು ಅಂತ ಕೈಕಟ್ಟಿ ಕೂರಿ ಅಂತಲೂ ನಾನು ಹೇಳ್ತಿಲ್ಲ. ಚಿಪ್ಸು, ಸಿಹಿ ಪಾನೀಯ ಮನೆಗೆ ತರೋರು ನಾವೇ, ಆಟದ ಹೊತ್ತನ್ನ ಟ್ಯೂಷನ್‌ಗೆ ಕೊಟ್ಟೋರೂ ನಾವೇ, ರಾತ್ರಿ ಹನ್ನೊಂದರ ತನಕ ಟಿವಿ ಹಾಕ್ಕೊಂಡು ಕೂರೋರೂ ನಾವೇ. ಬದಲಾಗೋದಾದ್ರೆ ಇಡೀ ಮನೆ ಬದಲಾಗಬೇಕು, ಮಗು ಒಂದೇ ಅಲ್ಲ. ಬೆಳೆಯೋ ಮಕ್ಕಳಿಗೆ ಎಷ್ಟೋ ಸಲ ತೂಕ ಇಳಿಸೋದೇ ಬೇಕಿಲ್ಲ, ಹಾಗೇ ನಿಂತರೆ ಸಾಕು, ಎತ್ತರ ಸರಿದೂಗಿಸುತ್ತೆ. ತೂಕ ಏರುತ್ತಾ ಎತ್ತರ ನಿಂತುಹೋದರೆ ಮಾತ್ರ ಥೈರಾಯ್ಡ್‌ನಂಥ ತೊಂದರೆ ಇರಬಹುದು, ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಮದುವೆ ಮುಗಿಸಿ ಬರುವಾಗ ಪುಟ್ಟಿ ಕೇಳಿದಳು, "ಮಾಮ, ನಾನು ತುಂಬಾ ತಿಂತೀನಾ?" ಆ ಹೊತ್ತಿಗೆ ಬಾಯಿಂದ ಮಾತೇ ಹೊರಡಲಿಲ್ಲ. ಇಲ್ಲ ಪುಟ್ಟಿ. ಅವತ್ತು ನಕ್ಕಿದ್ದು ನನ್ನ ತಪ್ಪು.

ಮುಂದಿನ ಮದುವೇಲಿ ನಿಮ್ಮ ಪಕ್ಕದ ಎಲೆಯಲ್ಲೂ ಒಂದು ದುಂಡು ಮಗು ಕೂತಿರುತ್ತೆ. ದಯವಿಟ್ಟು ನಗಬೇಡಿ.