ನೀರೊಲೆಗೆ ಹೋದ ಕಾಗದಗಳು

ನಮ್ಮ ಕಡೆಯ ಹೊಲಮನೆಯುಳ್ಳವರಲ್ಲಿ ಎರಡು ಬಗೆಯ ಕಾಗದಗಳಿರುತ್ತಿದ್ದವು. ಒಂದು, ಅರಿವೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟ ಹೊಲದ ಕಾಗದ. ನಿಜಾಮರ ಕಾಲದ ಉರ್ದು ಬರಹ. ಓದಲು ಯಾರಿಗೂ ಬಾರದಿದ್ದರೂ ಅದಕ್ಕೆ ಜೋಪಾನ. ಇನ್ನೊಂದು, ಪಡಸಾಲೆಯ ಗೂಟಕ್ಕೆ ತೂಗಿದ ತಂತಿಗೆ ಚುಚ್ಚಿದ ಕಾರ್ಡು, ಇನ್‌ಲ್ಯಾಂಡು. ತಂತಿ ತುಂಬಿತೆಂದರೆ ನೀರೊಲೆಗೆ. ಸಂತೆಕಲ್ಲೂರಿನ ನಮ್ಮ ಮನೆಯಲ್ಲೂ ಹಾಗೆಯೇ ಆಯಿತು.

ಇದಕ್ಕಾಗಿ ಹಳಹಳಿಸಿದರೆ ಬಲ್ಲವರು ನಗುತ್ತಾರೆ. ‘ಅಡಗಿಮನಿ ಸುದ್ದ್ಯಾಗ ಇತಿಹಾಸ ಏನೈತ್ರೀ?’ ಅವರಿಗೆ ನಾನು ಇಂಗ್ಲೆಂಡಿನ ಶಾಲ್‌ಸ್ಟನ್ ಎಂಬ ಹಳ್ಳಿಯ ಮಾತು ಹೇಳುತ್ತೇನೆ. ಅಲ್ಲಿಯ ಜಮೀನ್ದಾರ ಹೆನ್ರಿ ಪ್ಯೂರ್‌ಫಾಯ್ ಮತ್ತು ಅವನ ತಾಯಿ ಎಲಿಜಬೆತ್ 1735ರಿಂದ 1753ರವರೆಗೆ ಬರೆದ ಪತ್ರಗಳು 1931ರಲ್ಲಿ ಪುಸ್ತಕವಾದವು. ದರ್ಜಿ ಅಂಗಿ ಕೆಡಿಸಿದ ತಕರಾರು, ಆಳುಗಳ ಗೋಳು, ಪೇಟೆಯಿಂದ ತರಿಸುವ ಸಾಮಾನು. ಯುದ್ಧ ಗೆದ್ದವರಲ್ಲ, ರಾಜ್ಯ ಆಳಿದವರಲ್ಲ. ಆದರೂ ಅಂದಿನ ಹಳ್ಳಿಮನೆ ಹೇಗೆ ನಡೆಯುತ್ತಿತ್ತೆಂದು ತಿಳಿಯಬೇಕಾದವರು ಆ ತಾಯಿಮಗನ ಬಾಗಿಲಿಗೇ ಬರುತ್ತಾರೆ.

ನಮ್ಮಲ್ಲಿ ಬರೆದಿಡುವ ರೂಢಿ ಇರಲಿಲ್ಲವೆಂಬುದೂ ಸುಳ್ಳು. ನಮ್ಮೂರ ಘನಮಠದ ನಾಗಭೂಷಣ ಶಿವಯೋಗಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದರು. ಒಕ್ಕಲುತನ ಬರೆದಿಡತಕ್ಕ ವಿದ್ಯೆಯೆಂದು ಅವರಿಗೆ ತಿಳಿದಿತ್ತು. ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನದ ಬಗ್ಗೆ ನಮ್ಮ ಹೆಮ್ಮೆ ಕೇಳಬೇಡಿ! ಕಲ್ಲಿನ ಕಾಗದಕ್ಕೆ ಇರುವ ಮರ್ಯಾದೆ ಅತ್ತೆಯ ಕಾರ್ಡಿಗಿಲ್ಲ.

ಕಾರಣ ಬೇರೆಯೇ ಇದೆ. ಹೊಲದ ಕಾಗದ ಕೋರ್ಟಿನಲ್ಲಿ ನಮ್ಮ ಪರ ಸಾಕ್ಷಿ ನುಡಿಯುತ್ತದೆ. ಹೆಣ್ಣುಮಕ್ಕಳ ಕಾಗದ ನಮ್ಮ ವಿರುದ್ಧ ನುಡಿಯುತ್ತದೆ. ಅದಕ್ಕೇ ಸುಟ್ಟೆವು. ಸುಡುವ ಮೊದಲು, ಬರೆಯುವಾಗಲೇ ತಿದ್ದಿದೆವು.

ಇದು ನನಗೆ ಗೊತ್ತು. ಮನೆಯಲ್ಲಿ ಕಾಗದ ಬರೆಯುವ ಹುಡುಗ ನಾನೇ. ಸೋದರತ್ತೆಗೆ ಅಕ್ಷರ ಬಾರದು. ಒಮ್ಮೆ ಸಿಂಧನೂರಿನ ತನ್ನ ಅಕ್ಕನಿಗೆ ಬರೆಸುತ್ತ, ತನ್ನ ಬಂಗಾರ ಒತ್ತೆ ಇಟ್ಟವರು ಬಿಡಿಸಿ ಕೊಡಲಿಲ್ಲವೆಂದಳು. ಒತ್ತೆ ಇಟ್ಟವರು ನಮ್ಮ ಮನೆಯವರೇ. ಹೊರಸಿನ ಮೇಲಿದ್ದ ಅಜ್ಜ, ‘ಅದನೆಲ್ಲಾ ಬರಿಬ್ಯಾಡಲೇ, ಎಲ್ಲಾರೂ ಆರಾಮ ಅಂತ ಬರಿ’ ಎಂದ. ಬರೆದೆ. ಅತ್ತೆ ಅಂದು ಏನೂ ಅನ್ನಲಿಲ್ಲ. ಅಜ್ಜ ಹೊಲಕ್ಕೆ ಹೋದ ಮೇಲೆ ಕಾರ್ಡಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ‘ಬಂಗಾರದ್ದು ಇದರಾಗ ಸೇರಿಸಿದೇನಪ್ಪಾ?’ ಎಂದು ಕೇಳಿದಳು. ‘ಸೇರಿಸೀನತ್ತಿ’ ಎಂದೆ. ಜಾಗ ಮಾತ್ರ ಇತ್ತು.

ಎಂಟು ದಿನಕ್ಕೆ ಉತ್ತರ ಬಂತು. ನೀವೆಲ್ಲ ಆರಾಮ ಇದ್ದೀರೆಂದು ತಿಳಿದು ಸಂತೋಷವಾಯಿತು ಎಂದಿತ್ತು. ಓದಿ ಹೇಳಿದವನೂ ನಾನೇ. ಅತ್ತೆ ಮತ್ತೆ ನನ್ನ ಕೈಯಿಂದ ಕಾಗದ ಬರೆಸಲಿಲ್ಲ.

ಆ ಸುಳ್ಳು ಕಾರ್ಡಿಗೂ ಬೆಲೆ ಇತ್ತು. ಹೇಳಿದ ಬಾಯಿ ಯಾರದು, ಬರೆದ ಕೈ ಯಾರದು ಎಂದು ಕೇಳಬಲ್ಲವರು ಮುಂದೊಂದು ದಿನ ಬರುತ್ತಿದ್ದರು. ಈಗ ಎಲ್ಲವೂ ಫೋನಿನಲ್ಲಿ. ಸುಡುವ ಶ್ರಮವೂ ಉಳಿಯಿತು. ಲಿಂಗಸುಗೂರು, ಮಸ್ಕಿ ಕಡೆಯ ಯಾವ ಪಡಸಾಲೆಯಲ್ಲಾದರೂ ಅಂಥ ತಂತಿಯೊಂದು ಉಳಿದಿದ್ದರೆ ದಯವಿಟ್ಟು ಇಳಿಸಬೇಡಿ. ಮಾನ ಹೋದೀತೆಂಬ ಅಂಜಿಕೆಯಿದ್ದರೆ ಹೆಸರುಗಳನ್ನು ಕತ್ತರಿಸಿಡಿ.