ಚಲಿಸುವ ಖಂಡಗಳು ಕಲಿಸುವ ಪಾಠ



ಖಂಡಗಳು ಚಲಿಸುತ್ತವೆಯೆಂಬುದನ್ನು ನೀವು ಭೂಗೋಳದ ಪಾಠದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಮರೆಯುತ್ತೀರಿ. ಇದನ್ನು ಒಪ್ಪಲು ವಿದ್ವಾಂಸರಿಗೆ ಅರ್ಧ ಶತಮಾನ ಹಿಡಿಯಿತೆಂದು ಅರಿತರೆ ಆ ಪಾಠದ ಬೆಲೆ ಹೆಚ್ಚುವುದೆಂದು ನನ್ನ ನಂಬಿಕೆ.

೧೯೧೨ರಲ್ಲಿ ಜರ್ಮನಿಯ ಹವಾಮಾನ ಶಾಸ್ತ್ರಜ್ಞ ಆಲ್ಫ್ರೆಡ್ ವೆಗೆನರ್ ಅವರು, ಖಂಡಗಳೆಲ್ಲ ಹಿಂದೊಮ್ಮೆ ಕೂಡಿದ್ದು ಅನಂತರ ಬೇರ್ಪಟ್ಟವೆಂದು ಸಾರಿದರು. ಆಫ್ರಿಕದ ಪಶ್ಚಿಮ ತೀರವೂ ದಕ್ಷಿಣ ಅಮೆರಿಕದ ಪೂರ್ವ ತೀರವೂ ಒಂದಕ್ಕೊಂದು ಹೊಂದುತ್ತವೆ. ಗ್ಲಾಸಾಪ್ಟೆರಿಸ್ ಎಂಬ ಸಸ್ಯದ ಪಳೆಯುಳಿಕೆಗಳು ಈ ಎರಡು ಖಂಡಗಳಲ್ಲಲ್ಲದೆ ಭಾರತ, ಆಸ್ಟ್ರೇಲಿಯಗಳಲ್ಲಿಯೂ ದೊರೆಯುತ್ತವೆ. ಆದರೆ, ಇಷ್ಟು ಭಾರವಾದ ಖಂಡವನ್ನು ತಳ್ಳುವ ಶಕ್ತಿ ಯಾವುದು? ಗಟ್ಟಿಯಾದ ಸಾಗರತಳವನ್ನು ಸೀಳಿಕೊಂಡು ಅದು ಹೇಗೆ ಸಾಗೀತು? ಈ ಪ್ರಶ್ನೆಗಳಿಗೆ ವೆಗೆನರರಲ್ಲಿ ತಕ್ಕ ಉತ್ತರವಿರಲಿಲ್ಲ. ಬಹುಮಂದಿ ವಿದ್ವಾಂಸರು ಅವರ ವಾದವನ್ನೇ ತಳ್ಳಿಹಾಕಿದರು. ೧೯೩೦ರಲ್ಲಿ ಅವರು ಗ್ರೀನ್‌ಲೆಂಡಿನ ಹಿಮದ ನಡುವೆ ತೀರಿಕೊಂಡರು.

ಉತ್ತರ ದೊರೆತದ್ದು ಕಡಲ ತಳದಲ್ಲಿ. ೧೯೫೦ರ ದಶಕದಲ್ಲಿ ಅಟ್ಲಾಂಟಿಕ್ ತಳದ ನಕ್ಷೆ ರಚಿಸುತ್ತಿದ್ದ ಮೇರಿ ಥಾರ್ಪ್ ಎಂಬ ವಿದುಷಿ, ಅಲ್ಲಿನ ಪರ್ವತಶ್ರೇಣಿಯ ನಡುವೆ ಉದ್ದವಾದ ಕಣಿವೆಯನ್ನು ಗುರುತಿಸಿದರು. ಇಂಥ ಬಿರುಕುಗಳಲ್ಲಿ ಒಳಗಿನ ಶಿಲಾರಸವು ಮೇಲೆದ್ದು ಹೊಸ ತಳವಾಗುತ್ತದೆ. ಹಳೆಯ ತಳವು ಬೇರೆಡೆ ಆಳವಾದ ಕಂದಕಗಳಲ್ಲಿ ಭೂಗರ್ಭಕ್ಕಿಳಿಯುತ್ತ ತನ್ನ ಹಿಂದಿನ ಫಲಕವನ್ನೂ ಎಳೆಯುತ್ತದೆ. ಆದುದರಿಂದ ಖಂಡವು ಸಾಗರತಳವನ್ನು ಸೀಳಬೇಕಾಗಿಲ್ಲ. ಎರಡನ್ನೂ ಹೊತ್ತ ಭೂಫಲಕವೇ ಸಾಗುತ್ತದೆ. ಅದರ ವೇಗ ವರ್ಷಕ್ಕೆ ಕೆಲವೇ ಸೆಂಟಿಮೀಟರು, ಹೆಚ್ಚುಕಡಮೆ ನಮ್ಮ ಉಗುರು ಬೆಳೆಯುವಷ್ಟು. ೧೯೬೦ರ ದಶಕದ ಕೊನೆಯ ವೇಳೆಗೆ ಹೆಚ್ಚಿನ ವಿದ್ವಾಂಸರು ಇದನ್ನು ಒಪ್ಪಿದರು.

ಇದರ ಸಾಕ್ಷ್ಯ ನಮ್ಮ ನಾಡಿನಲ್ಲಿಯೂ ಉಂಟು. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮಲ್ಲಿ ಕೆಲವರು ಮಲ್ಪೆಯ ಬಳಿಯ ಸೇಂಟ್ ಮೇರಿ ದ್ವೀಪವನ್ನು ನೋಡಿರಬಹುದು. ಅಲ್ಲಿನ ಕಂಬದಂಥ ಬಂಡೆಗಳು, ಸುಮಾರು ೯ ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿ ಗಟ್ಟಿಯಾದ ಲಾವಾ.

ವೆಗೆನರರನ್ನು ಕಾರಣ ಕೇಳಿದವರು ತಪ್ಪು ಮಾಡಲಿಲ್ಲ. ಕಾರಣ ತಿಳಿಯದೆಂಬ ಮಾತ್ರಕ್ಕೆ ಕಣ್ಣೆದುರಿನ ಸಾಕ್ಷ್ಯವನ್ನು ಅಲ್ಲಗಳೆದದ್ದೇ ತಪ್ಪು. ತರಗತಿಯಲ್ಲಿ ನೀವು "ಏಕೆ?" ಎಂದು ಧೈರ್ಯವಾಗಿ ಕೇಳಿರಿ. ಉತ್ತರ ತಿಳಿಯದ ಪ್ರಶ್ನೆಯನ್ನು ಗದರಿ ಅಡಗಿಸುವುದು ನಮ್ಮಂಥ ಅಧ್ಯಾಪಕರಿಗೆ ತಕ್ಕುದಲ್ಲ; ಉತ್ತರ ಒಡನೆ ಸಿಕ್ಕಲಿಲ್ಲವೆಂದು ಪ್ರಶ್ನೆಯನ್ನು ಕೈಬಿಡುವುದು ನಿಮಗೂ ತಕ್ಕುದಲ್ಲ.